ಟೈರ್ ಒಡೆದರೂ ವಿಮಾನವನ್ನು ಏಕೆ ನಿಲ್ಲಿಸಲಿಲ್ಲ?

ಪ್ರಶ್ನೆ: ನಾನಿದ್ದ ವಿಮಾನ ಟೇಕಾಫ್‌ಗಾಗಿ ರನ್‌ವೇಯಲ್ಲಿ ರಭಸದಿಂದ ಓಡುತ್ತಿದ್ದಾಗ ಕೆಳಗಿನಿಂದ ‘ಢಬ್’ ಎಂದು ದೊಡ್ಡ ಸದ್ದಾಗಿ ಇಡೀ ವಿಮಾನ ಅದುರತೊಡಗಿತು. ಆದರೂ ಪೈಲಟ್ ನಿಲ್ಲಿಸದೆ ಮೇಲೇರಿದರು. ಚಕ್ರದ ಟೈರ್ ಒಡೆದಿದೆ ಎಂದು ಆಮೇಲೆ ತಿಳಿಸಿದರು. ಬಹಳ ಹೊತ್ತು ಸುತ್ತು ಹಾಕಿ ಅದೇ ನಿಲ್ದಾಣದಲ್ಲಿ ಇಳಿಸಿದರು. ಕಿಟಕಿಯಿಂದ ನೋಡಿದಾಗ ರನ್‌ವೇ ಇನ್ನೂ ಸಾಕಷ್ಟು ಉಳಿದಂತಿತ್ತು. ನೆಲದ ಮೇಲಿದ್ದಾಗಲೇ ಬ್ರೇಕ್ ಹಾಕಿ ನಿಲ್ಲಿಸಬಹುದಿತ್ತಲ್ಲವೇ? ಇಳಿದ ಮೇಲೂ ಅಗ್ನಿಶಾಮಕ ವಾಹನಗಳು ಹತ್ತಿರ ಬಾರದೆ ದೂರದಲ್ಲೇ ನಿಂತಿದ್ದೇಕೆ?

ಉತ್ತರ: ನೀವು ವಿವರಿಸಿದಷ್ಟರಿಂದ ಹೇಳುವುದಾದರೆ, ಪೈಲಟ್‌ಗಳು ತಮಗೆ ಕಲಿಸಿದ್ದನ್ನೇ ಮಾಡಿದ್ದಾರೆ, ಮತ್ತು ಅವರಿಗೆ ಕಲಿಸಿದ್ದು ಸರಿಯಾಗಿಯೇ ಇದೆ. ಟೈರ್ ಒಡೆದ ವಾಹನವನ್ನು ಕೂಡಲೇ ನಿಲ್ಲಿಸಬೇಕೆಂಬುದು ರಸ್ತೆಗೆ ಒಪ್ಪುವ ಮಾತು. ವಿಮಾನವು ನೆಲ ಬಿಡುವ ವೇಗದ ಸಮೀಪಕ್ಕೆ ಬಂದ ಮೇಲೆ ಈ ಲೆಕ್ಕ ತಿರುವುಮುರುವಾಗುತ್ತದೆ. ಮೇಲೇರಲು ಬೇಕಾದ ಎಂಜಿನ್ ಮತ್ತು ರೆಕ್ಕೆಗಳು ಸುಸ್ಥಿತಿಯಲ್ಲಿರುತ್ತವೆ. ನಿಲ್ಲಲು ಬೇಕಾದ ಟೈರು, ಬ್ರೇಕುಗಳಿಗೇ ಪೆಟ್ಟು ಬಿದ್ದಿರುತ್ತದೆ. ಆ ಹೊತ್ತಿನಲ್ಲಿ ಟೇಕಾಫ್ ಕೈಬಿಡುವುದೆಂದರೆ, ಯಾವ ಅಂಗ ಕೆಟ್ಟಿದೆಯೋ ಅದರ ಮೇಲೆಯೇ ಇಡೀ ವಿಮಾನದ ಹೊಣೆ ಹೊರಿಸಿದಂತೆ.

ಇದನ್ನು ಸ್ವಲ್ಪ ಬಿಡಿಸಿ ನೋಡೋಣ. ಪ್ರತಿ ಟೇಕಾಫ್‌ಗೂ ಮುನ್ನ ವಿಮಾನದ ತೂಕ, ರನ್‌ವೇಯ ಉದ್ದ, ಗಾಳಿ, ಉಷ್ಣತೆ, ನೆಲ ಒಣಗಿದೆಯೋ ಒದ್ದೆಯಾಗಿದೆಯೋ ಎಂಬುದನ್ನೆಲ್ಲ ಪರಿಗಣಿಸಿ ‘ವಿ-1’ ಎಂಬ ವೇಗವೊಂದನ್ನು ಗೊತ್ತುಮಾಡುತ್ತಾರೆ. ಟೇಕಾಫ್ ಕೈಬಿಡುವುದಿದ್ದರೆ ಅದರ ಮೊದಲ ಕ್ರಿಯೆ, ಅಂದರೆ ಬ್ರೇಕ್ ಒತ್ತುವುದೋ ಎಂಜಿನ್‌ಗಳ ಬಲವನ್ನು ಹೆಚ್ಚುಕಡಿಮೆ ಮಾಡುವ ಥ್ರಸ್ಟ್ ಲಿವರ್‌ಗಳನ್ನು ಹಿಂದಕ್ಕೆಳೆಯುವುದೋ, ಈ ವೇಗ ದಾಟುವ ಮೊದಲೇ ಆಗಿರಬೇಕು. ವಿ-1 ತಲುಪಿದ ಮೇಲೆ ಯೋಚಿಸತೊಡಗುವ ಪೈಲಟ್ ಆಗಲೇ ತಡಮಾಡಿರುತ್ತಾರೆ. ವಿ-1 ಸುಮಾರು 150 ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್) ಎಂದಿಟ್ಟುಕೊಂಡರೆ, ಪ್ರತಿ ಸೆಕೆಂಡಿಗೆ 77 ಮೀಟರ್ ರನ್‌ವೇ ಹಿಂದಕ್ಕೆ ಸರಿಯುತ್ತಿರುತ್ತದೆ. ನಿಲುಗಡೆಯ ದೂರವನ್ನು ಲೆಕ್ಕ ಹಾಕುವಾಗ ವಿ-1 ವೇಗದಲ್ಲಿ ಎರಡು ಸೆಕೆಂಡಿನ ಓಟದಷ್ಟು ದೂರವನ್ನು ನಿಯಮದಂತೆ ಸೇರಿಸಿರುತ್ತಾರೆ, ನಿಜ. ಆದರೆ ಅದು ಪೈಲಟ್ ಕುಳಿತು ಯೋಚಿಸಲು ಕೊಟ್ಟ ಸಮಯವಲ್ಲ, ದೂರದಲ್ಲಿ ಇಟ್ಟ ಅಂಚು ಮಾತ್ರ. ಇದೆಲ್ಲಕ್ಕಿಂತ ಮುಖ್ಯವಾದದ್ದೆಂದರೆ, ಆ ಲೆಕ್ಕ ಎಲ್ಲ ಟೈರುಗಳೂ ಎಲ್ಲ ಬ್ರೇಕುಗಳೂ ಸರಿಯಾಗಿವೆ ಎಂಬ ಊಹೆಯ ಮೇಲೆ ನಿಂತಿದೆ. ಎಂಜಿನ್ ಒಂದು ಕೆಟ್ಟರೆ ಎಷ್ಟು ದೂರ ಬೇಕು ಎಂಬುದಕ್ಕೆ ಅದರಲ್ಲಿ ಉತ್ತರವಿದೆ. ಟೈರ್ ಒಡೆದರೆ ಎಷ್ಟು ಬೇಕು ಎಂಬುದಕ್ಕೆ ಇಲ್ಲ.

ಬ್ರೇಕುಗಳು ಹೊರಬೇಕಾದ ಹೊರೆ ಎಷ್ಟೆಂದು ಅರಿಯಲು ಸಾಮಾನ್ಯ ಗಾತ್ರದ ವಿಮಾನವನ್ನೇ ತೆಗೆದುಕೊಳ್ಳಿ. ಬೋಯಿಂಗ್ 737-800 ಪೂರ್ಣ ಭಾರದಲ್ಲಿ ಸುಮಾರು 79 ಟನ್ ತೂಗುತ್ತದೆ. 145 ನಾಟ್ ವೇಗದಲ್ಲಿ ಅದರ ಚಲನಶಕ್ತಿ ಸುಮಾರು 220 ಮೆಗಾಜೂಲ್. ಆರುನೂರು ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಸಾಕಾಗುವಷ್ಟು ಶಾಖ ಅದು. ಗಾಳಿಯ ತಡೆಯೂ ಎಂಜಿನ್‌ನ ರಿವರ್ಸ್ ಥ್ರಸ್ಟೂ (ವಿಮಾನವನ್ನು ಹಿಂದಕ್ಕೆ ತಳ್ಳುವಂತೆ ತಿರುಗಿಸಿದ ಎಂಜಿನ್ ಬಲ) ಒಂದು ಪಾಲನ್ನು ಹಂಚಿಕೊಳ್ಳುತ್ತವೆಯಾದರೂ ಹೆಚ್ಚಿನದನ್ನು ಅರ್ಧ ನಿಮಿಷದೊಳಗೆ ನುಂಗಬೇಕಾದದ್ದು ನಾಲ್ಕೇ ನಾಲ್ಕು ಚಕ್ರಗಳ ಬ್ರೇಕುಗಳು. ಮೂಗಿನ ಚಕ್ರಗಳಿಗೆ ಬಹುತೇಕ ವಿಮಾನಗಳಲ್ಲಿ ಬ್ರೇಕ್ ಇರುವುದಿಲ್ಲ.

ಈ ನಾಲ್ಕರಲ್ಲಿ ಒಂದು ಟೈರ್ ಹೋಯಿತೆನ್ನಿ. ಒಂದು ಸರಳ ಲೆಕ್ಕ ಮಾಡಿ ನೋಡೋಣ. ಒಣ ರನ್‌ವೇಯಲ್ಲಿ ಎಲ್ಲವೂ ಸರಿಯಿದ್ದಾಗ ವಿಮಾನದ ವೇಗ ಪ್ರತಿ ಸೆಕೆಂಡಿಗೂ ಸೆಕೆಂಡಿಗೆ 3 ಮೀಟರ್‌ನಷ್ಟು ಇಳಿಯುತ್ತದೆ, ಅದರಲ್ಲಿ ಬ್ರೇಕುಗಳ ಪಾಲು 2.2 ಎಂದಿಟ್ಟುಕೊಂಡರೆ, 150 ನಾಟ್ ವೇಗದಿಂದ ನಿಲ್ಲಲು ಸುಮಾರು 990 ಮೀಟರ್ ಬೇಕು. ಒಂದು ಚಕ್ರದ ಪಾಲು ಕಳೆದರೆ ವೇಗ ಇಳಿಯುವ ದರ 2.45ಕ್ಕೆ ಬರುತ್ತದೆ, ದೂರ 1,210 ಮೀಟರಿಗೆ ಏರುತ್ತದೆ. ಇನ್ನೂರಿಪ್ಪತ್ತು ಮೀಟರ್ ತಾನೇ ಎನಿಸಬಹುದು. ಆದರೆ ಇದೇ ಲೆಕ್ಕವನ್ನು ಇನ್ನೊಂದು ಬದಿಯಿಂದ ನೋಡಿ: ಎಲ್ಲವೂ ಸರಿಯಿದ್ದಿದ್ದರೆ ವಿಮಾನ ನಿಶ್ಚಲವಾಗಿ ನಿಲ್ಲುತ್ತಿದ್ದ ಜಾಗವನ್ನು ಅದು ಈಗ 64 ನಾಟ್ ವೇಗದಲ್ಲಿ, ಅಂದರೆ ಗಂಟೆಗೆ ಸುಮಾರು 120 ಕಿಲೋಮೀಟರ್ ವೇಗದಲ್ಲಿ ದಾಟುತ್ತಿರುತ್ತದೆ. ರನ್‌ವೇ ಅಲ್ಲಿಗೇ ಮುಗಿದಿದ್ದರೆ ಮುಂದಿನದು ಮಣ್ಣು, ಬೇಲಿ, ತಗ್ಗು. ನಿಲುಗಡೆಯ ಕೊನೆಯ ಇನ್ನೂರು ಮೀಟರುಗಳಲ್ಲಿ ಇಷ್ಟೊಂದು ವೇಗ ಅಡಗಿರುತ್ತದೆಂಬುದು ಅನುಭವಿಗಳಿಗೂ ಸುಲಭವಾಗಿ ಮನಸ್ಸಿಗೆ ಇಳಿಯದ ಸಂಗತಿ. ನಿಮ್ಮ ಪಕ್ಕದ ಕಿಟಕಿ ತೋರಿಸುವುದು ರನ್‌ವೇಯ ಅಂಚನ್ನು, ಕೊನೆಯನ್ನಲ್ಲ ಎಂಬುದನ್ನೂ ಇಲ್ಲಿ ನೆನಪಿಸುತ್ತೇನೆ.

ಇದು ಒಂದೇ ಟೈರ್ ಹೋಗಿ ಉಳಿದದ್ದೆಲ್ಲ ಕ್ಷೇಮವಾಗಿದ್ದಾಗಿನ ಮಾತು. ವಾಸ್ತವದಲ್ಲಿ ಒಡೆದ ಟೈರ್ ಒಂಟಿಯಾಗಿ ಸಾಯುವುದು ಕಡಿಮೆ. ಅದೇ ಅಚ್ಚಿನ ಜೊತೆ ಟೈರಿನ ಮೇಲೆ ಭಾರ ಒಮ್ಮೆಲೇ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಹರಿದ ರಬ್ಬರಿನ ತುಂಡುಗಳು ಗುಂಡಿನಂತೆ ಸಿಡಿದು ಹೈಡ್ರಾಲಿಕ್ ಕೊಳವೆಗಳನ್ನು, ಚಕ್ರ ಜಾರದಂತೆ ತಡೆಯುವ ಆಂಟಿ-ಸ್ಕಿಡ್ ವ್ಯವಸ್ಥೆಯ ತಂತಿಗಳನ್ನು, ರೆಕ್ಕೆಯ ಹಿಂಬದಿಯ ಫ್ಲಾಪ್‌ಗಳನ್ನು ಘಾಸಿಗೊಳಿಸಬಹುದು, ಎಂಜಿನ್‌ನೊಳಕ್ಕೂ ಹೋಗಬಹುದು. ಒಡೆದ ಟೈರಿನ ಚಕ್ರ ನೆಲವನ್ನು ಹಿಡಿಯದೆ ಜಾರತೊಡಗಿದಾಗ ಆಂಟಿ-ಸ್ಕಿಡ್ ತನ್ನ ಧರ್ಮದಂತೆ ಆ ಚಕ್ರದ ಬ್ರೇಕನ್ನು ಸಡಿಲಿಸುತ್ತದೆ. ಆ ವ್ಯವಸ್ಥೆಯೇ ಕೆಟ್ಟಿದ್ದರೆ, ಜೋರಾಗಿ ಒತ್ತಿದ ಬ್ರೇಕಿಗೆ ಉಳಿದ ಚಕ್ರಗಳು ಸಿಕ್ಕಿಹಾಕಿಕೊಂಡು, ಒಂದೇ ಜಾಗದಲ್ಲಿ ಉಜ್ಜಿದ ಒಳ್ಳೆಯ ಟೈರುಗಳೂ ಸೆಕೆಂಡುಗಳಲ್ಲಿ ಒಡೆಯುತ್ತವೆ.

ಇದಕ್ಕೆ ಅಚ್ಚೊತ್ತಿದಂತಹ ನಿದರ್ಶನ 1978ರ ಮಾರ್ಚ್ 1ರಂದು ಲಾಸ್ ಏಂಜಲೀಸ್‌ನಲ್ಲಿ ನಡೆದ ಕಾಂಟಿನೆಂಟಲ್ ಏರ್‌ಲೈನ್ಸ್‌ನ ಡಿಸಿ-10 ಅಪಘಾತ. ವಿಮಾನ ವಿ-1ಕ್ಕೆ ತುಸು ಕಡಿಮೆ ವೇಗದಲ್ಲಿದ್ದಾಗ ಎಡಬದಿಯ ಟೈರುಗಳು ಒಂದರ ಹಿಂದೊಂದು ಒಡೆಯತೊಡಗಿದವು. ಕ್ಯಾಪ್ಟನ್ ವಿ-1ಕ್ಕೆ ಮೊದಲೇ ಟೇಕಾಫ್ ಕೈಬಿಟ್ಟರು. ಪುಸ್ತಕದ ಪ್ರಕಾರ ನಿಲ್ಲಲೇಬೇಕಿತ್ತು. ಆದರೆ ರನ್‌ವೇ ಒದ್ದೆಯಾಗಿತ್ತು, ಬ್ರೇಕಿನ ಬಲ ಕುಂದಿತ್ತು. ವಿಮಾನ ರನ್‌ವೇಯ ಕೊನೆ ದಾಟಿ ಹೋಯಿತು, ಎಡಗಡೆಯ ಲ್ಯಾಂಡಿಂಗ್ ಗೇರ್ ಮುರಿಯಿತು, ಬೆಂಕಿ ಹೊತ್ತಿತು, ಪ್ರಾಣಹಾನಿಯೂ ಆಯಿತು. ‘ವಿ-1ಕ್ಕಿಂತ ಮೊದಲು ನಿರ್ಧರಿಸಿದರೆ ನಿಲ್ಲಬಹುದು’ ಎಂಬ ಭರವಸೆ ಟೈರುಗಳಿಗೇ ಪೆಟ್ಟಾದಾಗ ಲಾಗುವಾಗುವುದಿಲ್ಲವೆಂದು ಈ ಘಟನೆ ತೋರಿಸಿತು. ಟೈರುಗಳ ಅರ್ಹತಾ ಪರೀಕ್ಷೆಗಳು ಆನಂತರ ಬಿಗಿಯಾದವು.

1990ರ ದಶಕದ ಆರಂಭದಲ್ಲಿ ಅಮೆರಿಕದ ವಿಮಾನಯಾನ ನಿಯಂತ್ರಕ ಎಫ್‌ಎಎ ಸಂಸ್ಥೆಯೂ ವಿಮಾನ ತಯಾರಕರೂ ಸೇರಿ ಟೇಕಾಫ್ ಸುರಕ್ಷತೆಯ ಕುರಿತು ತರಬೇತಿ ಕೈಪಿಡಿಯೊಂದನ್ನು ಸಿದ್ಧಪಡಿಸಿದರು. ಅಲ್ಲಿಯವರೆಗಿನ ಮೂರು ದಶಕಗಳಲ್ಲಿ, ಟೇಕಾಫ್ ಕೈಬಿಟ್ಟು ರನ್‌ವೇ ದಾಟಿಹೋದ 74 ಘಟನೆಗಳನ್ನು ಅದಕ್ಕಾಗಿ ಪರಿಶೀಲಿಸಲಾಯಿತು. ಅರ್ಧಕ್ಕೂ ಹೆಚ್ಚು ಪ್ರಕರಣಗಳಲ್ಲಿ ವಿ-1 ದಾಟಿದ ಮೇಲೆ ನಿಲ್ಲಿಸಲು ಹೊರಟಿದ್ದರು. ಎಂಜಿನ್ ತೊಂದರೆ ಕಾರಣವಾಗಿದ್ದು ಸುಮಾರು ಕಾಲು ಭಾಗದಲ್ಲಿ ಮಾತ್ರ. ಚಕ್ರ ಮತ್ತು ಟೈರುಗಳ ತೊಂದರೆ ಕೂಡ ಹತ್ತಿರಹತ್ತಿರ ಅಷ್ಟೇ ಪ್ರಕರಣಗಳಲ್ಲಿತ್ತು. ಪೈಲಟ್‌ಗಳ ತರಬೇತಿಯೋ ಅಂದು ಬಹುಪಾಲು ಎಂಜಿನ್ ಕೆಡುವ ಸನ್ನಿವೇಶದ ಸುತ್ತಲೇ ನಡೆಯುತ್ತಿತ್ತು. ಯಾವುದೇ ದೊಡ್ಡ ಸದ್ದಾದರೂ ಕೈ ತಾನಾಗಿ ಥ್ರಸ್ಟ್ ಲಿವರ್‌ಗಳನ್ನು ಹಿಂದಕ್ಕೆಳೆಯುವಂತಾದದ್ದಕ್ಕೆ ಈ ಏಕಮುಖ ತರಬೇತಿಯೂ ಒಂದು ಕಾರಣವೆಂದು ನನ್ನ ಅಭಿಪ್ರಾಯ.

ಇಂದಿನ ಸೂಚನೆಗಳು ಹೆಚ್ಚು ಸ್ಪಷ್ಟವಾಗಿವೆ. ಬೋಯಿಂಗ್ ವಿಮಾನಗಳಲ್ಲಿ 80 ನಾಟ್, ಏರ್‌ಬಸ್‌ನಲ್ಲಿ 100 ನಾಟ್ ತಲುಪುವವರೆಗೆ ಸಣ್ಣಪುಟ್ಟ ದೋಷಕ್ಕೂ ನಿಲ್ಲಿಸಬಹುದು. ವೇಗ ಕಡಿಮೆ, ಶಕ್ತಿ ಕಡಿಮೆ, ರನ್‌ವೇ ಧಾರಾಳ. ಅದನ್ನು ದಾಟಿದ ಮೇಲೆ ಬೆಂಕಿ, ಎಂಜಿನ್ ವೈಫಲ್ಯ, ಎದುರಿಗೆ ಅಪಾಯಕಾರಿ ಗಾಳಿಯ ಪಲ್ಲಟದ ಎಚ್ಚರಿಕೆ ಅಥವಾ ವಿಮಾನ ಹಾರಲಾರದು ಎಂಬ ಅನುಮಾನ, ಇಂಥವುಗಳಿಗೆ ಮಾತ್ರ ನಿಲ್ಲಿಸಬೇಕು. ಈ ಪಟ್ಟಿಯಲ್ಲಿ ಒಡೆದ ಟೈರ್ ಇಲ್ಲ. ಏರ್‌ಬಸ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ವಿ-1ಕ್ಕೆ 20 ನಾಟ್ ಬಾಕಿಯಿರುವಾಗಿನಿಂದ ವಿ-1ರವರೆಗೆ ಟೈರ್ ಒಡೆದರೆ, ಅದರ ಚೂರುಗಳಿಂದ ಎಂಜಿನ್‌ಗೆ ಗಂಭೀರ ತೊಂದರೆಯಾಗಿಲ್ಲದಿದ್ದ ಪಕ್ಷದಲ್ಲಿ, ಮೇಲೇರಿ ಇಂಧನ ಕಡಿಮೆ ಮಾಡಿಕೊಂಡು ರನ್‌ವೇಯ ಪೂರ್ತಿ ಉದ್ದ ಬಳಸಿ ಇಳಿಯುವುದೇ ಲೇಸೆಂದು ನೇರವಾಗಿ ಹೇಳುತ್ತದೆ. ನೀವು ಬಹಳ ಹೊತ್ತು ಸುತ್ತು ಹೊಡೆದದ್ದು ಇದಕ್ಕೇ. ಇಳಿಯುವಾಗ ವಿಮಾನ ಹಗುರವಾಗಿರುತ್ತದೆ, ರನ್‌ವೇಯ ಆರಂಭದಲ್ಲೇ ನೆಲ ಮುಟ್ಟಿದರೆ ನಿಲ್ಲಲು ಎರಡೂವರೆ ಮೂರು ಕಿಲೋಮೀಟರ್ ಎದುರಿಗಿರುತ್ತದೆ, ಯಾವ ಚಕ್ರಕ್ಕೆ ಪೆಟ್ಟಾಗಿದೆ ಎಂದು ನೋಡಿಕೊಂಡು ಸಿದ್ಧವಾಗಲು ಸಮಯವೂ ಸಿಗುತ್ತದೆ. ಟೇಕಾಫ್ ಕೈಬಿಟ್ಟಿದ್ದರೆ ಇದೇ ಕೆಲಸವನ್ನು ಹೆಚ್ಚು ಭಾರದ ವಿಮಾನದಲ್ಲಿ, ಉಳಿದ ತುಂಡು ರನ್‌ವೇಯಲ್ಲಿ, ಯಾವ ಸಿದ್ಧತೆಯೂ ಇಲ್ಲದೆ ಮಾಡಬೇಕಾಗುತ್ತಿತ್ತು.

ಒಡೆದದ್ದು ಟೈರೇ ಎಂದು ಕಾಕ್‌ಪಿಟ್‌ನಲ್ಲಿ ಕುಳಿತವರಿಗೆ ಗೊತ್ತಾಗುವುದು ಹೇಗೆ? ಸದ್ದಿನಿಂದ ಗೊತ್ತಾಗುವುದಿಲ್ಲ. ಎಂಜಿನ್‌ನೊಳಗೆ ಗಾಳಿಯ ಹರಿವು ಕೆಟ್ಟು ‘ಕಂಪ್ರೆಸರ್ ಸ್ಟಾಲ್’ ಆದಾಗಲೂ ಇಂಥದೇ ಸಿಡಿತ ಕೇಳುತ್ತದೆ. ಸದ್ದಿನ ಜೊತೆ ಅದುರಾಟವಿದ್ದು, ವಿಮಾನ ಒಂದು ಬದಿಗೆ ಸ್ವಲ್ಪ ಎಳೆಯುತ್ತಿದ್ದು, ಎಂಜಿನ್‌ನ ಮಾಪಕಗಳೆಲ್ಲ ಸ್ಥಿರವಾಗಿದ್ದರೆ ಅದು ಟೈರ್ ಇರಬೇಕೆಂದು ಊಹಿಸಬಹುದು. ಈ ಊಹೆಗೆ ಸಿಗುವ ಸಮಯ ಒಂದೆರಡು ಸೆಕೆಂಡು. ಆದ್ದರಿಂದಲೇ ‘ಹೆಚ್ಚಿನ ವೇಗದಲ್ಲಿ ಬರೀ ಸದ್ದು, ಅದುರಾಟಗಳಿಗೆ ನಿಲ್ಲಿಸುವುದಿಲ್ಲ’ ಎಂಬ ತೀರ್ಮಾನವನ್ನು ಓಟ ಆರಂಭಿಸುವ ಮುನ್ನವೇ ಇಬ್ಬರೂ ಪೈಲಟ್‌ಗಳು ಮಾತನಾಡಿಕೊಂಡಿರುತ್ತಾರೆ.

ಹಾಗೆಂದು ಮೇಲೇರಿದರೆ ಗೆದ್ದಂತೆ ಎಂದುಕೊಳ್ಳಬಾರದು. 1991ರ ಜುಲೈ 11ರಂದು ಜೆಡ್ಡಾದಿಂದ ಹಜ್ ಯಾತ್ರಿಕರನ್ನು ಹೊತ್ತು ಹೊರಟ ಡಿಸಿ-8 ವಿಮಾನದ ಟೈರುಗಳಲ್ಲಿ ಗಾಳಿಯ ಒತ್ತಡ ಕಡಿಮೆಯಿತ್ತು. ಓಡುತ್ತಿದ್ದಂತೆ ಟೈರುಗಳು ಕಾದು ಸೋತು, ತಿರುಗದೆ ನಿಂತ ಚಕ್ರ ನೆಲಕ್ಕೆ ಉಜ್ಜಿ ಬೆಂಕಿ ಹತ್ತಿತು. ಅದನ್ನು ಅರಿಯದ ಪೈಲಟ್‌ಗಳು ಮೇಲೇರಿ ಎಂದಿನಂತೆ ಚಕ್ರಗಳನ್ನು ಒಳಗೆಳೆದುಕೊಂಡರು. ಉರಿಯುವ ಟೈರ್ ವಿಮಾನದ ಹೊಟ್ಟೆಯೊಳಗೆ ಸೇರಿತು. ಮರಳಿ ಇಳಿಯಲು ಬರುತ್ತಿದ್ದಾಗ ವಿಮಾನ ಬಿದ್ದು, ಅದರಲ್ಲಿದ್ದ 261 ಮಂದಿಯೂ ಮೃತಪಟ್ಟರು. ಟೈರ್ ಒಡೆದ ಅನುಮಾನವಿದ್ದಾಗ, ಮೇಲೇರುವ ಸಾಮರ್ಥ್ಯಕ್ಕೆ ಅಡ್ಡಿಯಿಲ್ಲದಿದ್ದರೆ ಚಕ್ರಗಳನ್ನು ಸ್ವಲ್ಪ ಹೊತ್ತು ಹೊರಗೇ ಬಿಡಬೇಕೆಂಬ ಸಲಹೆಯ ಹಿಂದೆ ಇಂಥ ನೆನಪುಗಳಿವೆ. 2000ದ ಜುಲೈ 25ರಂದು ಪ್ಯಾರಿಸ್‌ನಲ್ಲಿ ಕಾಂಕಾರ್ಡ್‌ಗೆ ಆದದ್ದು ಬೇರೆ ಬಗೆ: ರನ್‌ವೇಯಲ್ಲಿ ಬಿದ್ದಿದ್ದ ಲೋಹದ ಪಟ್ಟಿಯೊಂದು ಟೈರನ್ನು ಸೀಳಿ, ಸುಮಾರು ನಾಲ್ಕೂವರೆ ಕಿಲೋ ತೂಕದ ರಬ್ಬರ್ ತುಂಡು ರೆಕ್ಕೆಯ ಅಡಿಗೆ ಬಡಿದು ಇಂಧನದ ಟ್ಯಾಂಕ್ ಒಡೆಯಿತು. ಅಷ್ಟರಲ್ಲಿ ವಿ-1 ದಾಟಿಹೋಗಿತ್ತು. ಟೈರ್ ಒಡೆದಾಗ ಮೇಲೇರುವುದು ಹೆಚ್ಚಿನ ಸಂದರ್ಭಗಳಲ್ಲಿ ಕಡಿಮೆ ಅಪಾಯದ ದಾರಿ ಎನ್ನಬಹುದೇ ಹೊರತು, ಅಪಾಯವೇ ಇಲ್ಲದ ದಾರಿ ಎನ್ನಲಾಗದು.

ಹಾಗಾದರೆ ಟೈರ್ ಒಡೆಯುವುದೇ ಏಕೆ? ರನ್‌ವೇಯಲ್ಲಿ ಬಿದ್ದ ವಸ್ತುಗಳು ಒಂದು ಕಾರಣ. ಅದಕ್ಕಿಂತ ಹೆಚ್ಚು ಬೇಸರ ತರಿಸುವ ಕಾರಣ, ತಪ್ಪಿಸಬಹುದಾದದ್ದಾಗಿರುವುದರಿಂದ, ಒತ್ತಡದ ಕೊರತೆ. ಕಾರಿನ ಟೈರಿನಲ್ಲಿ 30–35 ಪಿಎಸ್‌ಐ (ಒತ್ತಡದ ಅಳತೆ, ಚದರ ಇಂಚಿಗೆ ಪೌಂಡ್) ಇದ್ದರೆ ಪ್ರಯಾಣಿಕ ವಿಮಾನದ ಮುಖ್ಯ ಟೈರಿನಲ್ಲಿ 200ರ ಆಸುಪಾಸು ಇರುತ್ತದೆ. ಒತ್ತಡ ಕಡಿಮೆಯಾದಾಗ ಟೈರಿನ ಪಕ್ಕಗಳು ಪ್ರತಿ ಸುತ್ತಿಗೂ ಹೆಚ್ಚು ಬಾಗಿ ಬಿಚ್ಚಿ, ಒಳಗೊಳಗೇ ಕಾಯುತ್ತವೆ. ಹೊರಗಿನಿಂದ ಅದು ಕಾಣದು: ಜೊತೆ ಟೈರ್ ಭಾರ ಹೊತ್ತುಕೊಳ್ಳುವುದರಿಂದ ಗಾಳಿ ಕಡಿಮೆಯಾದ ಟೈರ್ ಕೂಡ ದುಂಡಗೇ ನಿಂತಿರುತ್ತದೆ. ಕಾಲಿನಿಂದ ಒದ್ದು ನೋಡಿದರೂ ತಿಳಿಯದು; ತಣ್ಣಗಿರುವಾಗ ಮಾಪಕ ಹಚ್ಚಿಯೇ ನೋಡಬೇಕು. ಟೈರ್ ತಯಾರಕರ ಸಾಮಾನ್ಯ ನಿಯಮದಂತೆ ಒತ್ತಡ ನಿಗದಿಯ 90 ಶೇಕಡಕ್ಕಿಂತ ಕೆಳಗಿದ್ದರೆ ಆ ಟೈರನ್ನು ಕಳಚಬೇಕು; 80 ಶೇಕಡಕ್ಕಿಂತ ಕೆಳಗಿದ್ದರೆ ಅದೇ ಅಚ್ಚಿನ ಜೊತೆ ಟೈರನ್ನೂ ಕಳಚಬೇಕು, ಏಕೆಂದರೆ ಇಷ್ಟು ದಿನ ಹೆಚ್ಚುವರಿ ಭಾರ ಹೊತ್ತದ್ದು ಅದೇ.

2008ರ ಸೆಪ್ಟೆಂಬರ್ 19ರಂದು ಅಮೆರಿಕದ ಸೌತ್ ಕ್ಯಾರೊಲಿನಾ ರಾಜ್ಯದ ಕೊಲಂಬಿಯಾದಲ್ಲಿ ಲಿಯರ್‌ಜೆಟ್ 60 ಎಂಬ ಚಿಕ್ಕ ಜೆಟ್ ವಿಮಾನಕ್ಕೆ ಆದದ್ದು ನಿಮ್ಮ ಪ್ರಶ್ನೆಯ ಎಲ್ಲ ಎಳೆಗಳನ್ನೂ ಒಂದೆಡೆ ತೋರಿಸುತ್ತದೆ. ಅದರ ಟೈರುಗಳ ಒತ್ತಡವನ್ನು ಸುಮಾರು ಮೂರು ವಾರ ನೋಡಿರಲಿಲ್ಲ. ಆ ಬಗೆಯ ಟೈರ್ ದಿನಕ್ಕೆ ಸುಮಾರು ಶೇಕಡ 2ರಷ್ಟು ಒತ್ತಡ ಕಳೆದುಕೊಳ್ಳುತ್ತದೆ. ಟೇಕಾಫ್ ಓಟದಲ್ಲಿ ಟೈರುಗಳು ಒಡೆದವು. ವಿ-1 ದಾಟಿದ ಮೇಲೆ ಕ್ಯಾಪ್ಟನ್ ನಿಲ್ಲಿಸಲು ಹೊರಟರು. ಸಿಡಿದ ರಬ್ಬರ್ ಚೂರುಗಳು, ವಿಮಾನ ನೆಲದ ಮೇಲಿದೆಯೋ ಗಾಳಿಯಲ್ಲಿದೆಯೋ ಎಂದು ತಿಳಿಸುವ ಸಂವೇದಕವನ್ನು ಹಾಳುಮಾಡಿದ್ದವು. ವಿಮಾನ ಗಾಳಿಯಲ್ಲಿದೆ ಎಂದೆಣಿಸಿದ ವ್ಯವಸ್ಥೆ, ರಿವರ್ಸ್ ಥ್ರಸ್ಟ್ ಕೊಡುವ ರಿವರ್ಸರ್‌ಗಳನ್ನು ಮುಚ್ಚಿತು. ಪೈಲಟ್ ಹಿಂದಕ್ಕೆ ತಳ್ಳಬೇಕೆಂದು ಕೇಳಿದ ಬಲವನ್ನು ಎಂಜಿನ್‌ಗಳು ಮುಂದಕ್ಕೆ ತಳ್ಳಲು ಕೊಟ್ಟವು. ಆರು ಮಂದಿಯಲ್ಲಿ ನಾಲ್ವರು ಸತ್ತರು.

ಬ್ರೇಕ್ ಸವೆತದ ಬಗ್ಗೆಯೂ ಎರಡು ಮಾತು ಹೇಳಬೇಕು. ಹಿಂದೆ ವಿಮಾನದ ನಿಲುಗಡೆ ದೂರವನ್ನು ಹೊಸ ಬ್ರೇಕುಗಳಿಂದ ಪರೀಕ್ಷಿಸಿ ನಿರ್ಧರಿಸುತ್ತಿದ್ದರು. 1988ರ ಮೇ 21ರಂದು ಡಲ್ಲಾಸ್-ಫೋರ್ಟ್ ವರ್ತ್‌ನಲ್ಲಿ ಅಮೆರಿಕನ್ ಏರ್‌ಲೈನ್ಸ್‌ನ ಡಿಸಿ-10 ಒಂದು ಹೆಚ್ಚಿನ ವೇಗದಲ್ಲಿ ಟೇಕಾಫ್ ಕೈಬಿಟ್ಟಾಗ, ಹತ್ತು ಬ್ರೇಕುಗಳಲ್ಲಿ ಎಂಟು ಕೈಕೊಟ್ಟವು. ಸವೆದಿದ್ದರೂ ಅವು ಅಂದಿನ ಅನುಮತಿಯ ಮಿತಿಯೊಳಗೇ ಇದ್ದವು. ಈಗಿನ ನಿಯಮದಂತೆ ಪೂರ್ತಿ ಸವೆದ ಬ್ರೇಕುಗಳಿಂದಲೇ ಅತ್ಯಧಿಕ ಶಕ್ತಿಯ ನಿಲುಗಡೆಯನ್ನು ಮಾಡಿ ತೋರಿಸಬೇಕು, ಮತ್ತು ಒಣ ರನ್‌ವೇಯ ಲೆಕ್ಕದಲ್ಲಿ ರಿವರ್ಸ್ ಥ್ರಸ್ಟಿನ ನೆರವನ್ನು ಸೇರಿಸುವಂತಿಲ್ಲ.

ಇನ್ನು ಅಗ್ನಿಶಾಮಕ ವಾಹನಗಳ ಮಾತು. ಬಲವಾಗಿ ಬ್ರೇಕ್ ಹಾಕಿ ನಿಂತ ವಿಮಾನದ ಚಕ್ರಗಳು ನಿಂತ ಕ್ಷಣದಲ್ಲಿ ಅತಿ ಬಿಸಿಯಾಗಿರುವುದಿಲ್ಲ. ಬ್ರೇಕ್ ಬಿಲ್ಲೆಗಳಲ್ಲಿ ತುಂಬಿದ ಶಾಖ ನಿಧಾನವಾಗಿ ಚಕ್ರಕ್ಕೂ ಟೈರಿಗೂ ಹರಿಯುತ್ತದೆ, ಆದ್ದರಿಂದ ಟೈರಿನ ಉಷ್ಣತೆ ಹತ್ತು ಹದಿನೈದು ನಿಮಿಷಗಳ ನಂತರವೂ ಏರುತ್ತಲೇ ಇರಬಹುದು. ಇದಕ್ಕಾಗಿ ಚಕ್ರದಲ್ಲಿ ಸುಮಾರು 180 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕರಗುವ ಬಿರಡೆಗಳನ್ನು ಕೂರಿಸಿರುತ್ತಾರೆ. ಅವು ಕರಗಿದಾಗ ಟೈರ್ ಸಿಡಿಯದೆ ಸದ್ದು ಮಾಡುತ್ತಾ ಗಾಳಿ ಬಿಟ್ಟು ಕುಸಿಯುತ್ತದೆ. ಬಿರಡೆ ಕರಗುವ ಮೊದಲೇ ಚಕ್ರ ಬಿರಿದರೆ ಅದರ ತುಂಡುಗಳು ಅಚ್ಚಿನ ನೇರಕ್ಕೆ, ಅಂದರೆ ವಿಮಾನದ ಎರಡು ಪಕ್ಕಗಳಿಗೆ ಚಿಮ್ಮುತ್ತವೆ. ಹೀಗಾಗಿ ಸಿಬ್ಬಂದಿ ಕಾದ ಚಕ್ರದ ಬಳಿಗೆ ಮುಂದಿನಿಂದಲೋ ಹಿಂದಿನಿಂದಲೋ ಹೋಗುತ್ತಾರೆ, ಪಕ್ಕದಿಂದ ಹೋಗುವುದಿಲ್ಲ. ಬೆಂಕಿ ಕಾಣದಿದ್ದರೆ ಕಾಯುವುದೇ ಅವರ ಕೆಲಸ. ವಿಮಾನದ ಅರ್ಹತಾ ಪರೀಕ್ಷೆಯಲ್ಲೂ, ಗರಿಷ್ಠ ಶಕ್ತಿಯ ನಿಲುಗಡೆಯ ನಂತರ ಐದು ನಿಮಿಷ ಯಾರೂ ನೀರು ಹಾಕದಿದ್ದರೂ ಬೆಂಕಿ ಚಕ್ರಗಳಾಚೆ ಹರಡಬಾರದೆಂಬ ಷರತ್ತಿದೆ.

ಟೈರಿನೊಳಗೆ ತುಂಬುವುದು ಸಾಮಾನ್ಯ ಗಾಳಿಯನ್ನಲ್ಲ, ಒಣ ಸಾರಜನಕವನ್ನು. ಅತಿಯಾಗಿ ಕಾದ ರಬ್ಬರಿನಿಂದ ಹೊರಡುವ ಅನಿಲಗಳು ಆಮ್ಲಜನಕದೊಡನೆ ಬೆರೆತರೆ ಟೈರ್ ಬಾಂಬಿನಂತೆ ಸಿಡಿಯಬಲ್ಲದು. 1986ರ ಮಾರ್ಚ್ 31ರಂದು ಮೆಕ್ಸಿಕೊದಲ್ಲಿ ಬೋಯಿಂಗ್ 727 ಒಂದರ ಬ್ರೇಕ್ ಬಿಡಿಸಿಕೊಳ್ಳದೆ ಉಜ್ಜುತ್ತಾ ಕಾದಿತ್ತು. ಸಾರಜನಕದ ಬದಲು ಗಾಳಿ ತುಂಬಿದ್ದ ಆ ಟೈರ್, ಮೇಲೇರಿದ ಮೇಲೆ ಚಕ್ರಗೂಡಿನೊಳಗೆ ಸಿಡಿದು ಇಂಧನ ಮತ್ತು ಹೈಡ್ರಾಲಿಕ್ ಕೊಳವೆಗಳನ್ನು ಹರಿಯಿತು. ವಿಮಾನದಲ್ಲಿದ್ದ 167 ಮಂದಿಯಲ್ಲಿ ಯಾರೂ ಉಳಿಯಲಿಲ್ಲ. ದೊಡ್ಡ ವಿಮಾನಗಳ ಬ್ರೇಕ್ ಇರುವ ಚಕ್ರಗಳ ಟೈರುಗಳಲ್ಲಿ ಆಮ್ಲಜನಕ ಶೇಕಡ 5ನ್ನು ಮೀರಬಾರದೆಂದು ಅಮೆರಿಕದ ನಿಯಮ ಆನಂತರ ಬಂತು.

ನಿಮ್ಮನ್ನು ಬೇಗ ಇಳಿಸದೆ ಕೂರಿಸಿದ್ದರೆ ಅದಕ್ಕೂ ಇದೇ ಕಾರಣ. ಬೆಂಕಿಯಿಲ್ಲದಿರುವಾಗ ನೂರಾರು ಮಂದಿಯನ್ನು ಜಾರುಬಂಡೆಗಳಿಂದ ಇಳಿಸಿದರೆ ಕಾಲು ಕೈ ಮುರಿಯುವವರಿರುತ್ತಾರೆ, ಜೊತೆಗೆ ಇಳಿದವರು ಕಾದ ಚಕ್ರಗಳ ಪಕ್ಕಕ್ಕೇ ಬಂದು ನಿಲ್ಲುವ ಸಂಭವವೂ ಇರುತ್ತದೆ. ಬ್ರೇಕಿನ ಉಷ್ಣತೆ ಇಳಿಮುಖವಾಗಿದೆಯೆಂದು ಖಚಿತವಾದ ಮೇಲೆ ಚಕ್ರಗಳಿಂದ ದೂರದ ಬಾಗಿಲಿಗೆ ಮೆಟ್ಟಿಲು ತಂದು ಇಳಿಸುತ್ತಾರೆ.